ವಿಹಾರ ಗ್ರಾಮದಲ್ಲಿ ಸೂತಕ

ಯಳಂದೂರಿನಾಚೆ ಬೆಟ್ಟದ ಬುಡದಲ್ಲಿ ಮೈಸೂರಿನ ಸಾಹುಕಾರನೊಬ್ಬ ಎಪ್ಪತ್ತೆರಡನೇ ಇಸವಿಯಲ್ಲಿ ಪುಟ್ಟ ಪುಟ್ಟ ಹೆಂಚಿನ ಮನೆಗಳನ್ನು ಕಟ್ಟಿಸಿ ‘ಕುಟುಂಬ ವಿಹಾರ ಗ್ರಾಮ’ ಅಂತ ಬೋರ್ಡು ಹಾಕಿದ. ಸಂಸಾರ ಸಮೇತ ಬಂದು ನಾಲ್ಕು ದಿನ ಉಂಡು ಮಲಗಿ ಹೋಗುವ ಜಾಗ. ಇರುವ ಹಳ್ಳಿ ಬಿಟ್ಟು, ದುಡ್ಡು ಕೊಟ್ಟು ಇನ್ನೊಂದು ಹಳ್ಳಿಯಲ್ಲಿ ಮಲಗುವುದೇ ಅಂತ ಕಾಮಗೆರೆಯವರು ನಕ್ಕರು. ಆ ಊರಿನ ಪುಟ್ಟಮಾದಪ್ಪ ಮಾತ್ರ ನಗಲಿಲ್ಲ. ಪ್ರತಿ ಬೇಸಿಗೆ ರಜೆಗೂ ಹೆಂಡತಿ ರಂಗಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟೇಬಿಡುತ್ತಿದ್ದ. ಅಷ್ಟು ದುಡ್ಡು ಸುರಿಯುತ್ತೀಯಲ್ಲ, ಗಿಟ್ಟುತ್ತದಾ ಅಂತ ಯಾರಾದರೂ ಕೇಳಿದರೆ, “ನೆಮ್ಮದಿಗೆ ಬೆಲೆ ಕಟ್ಟಕ್ಕಾದ್ದಾ?” ಅಂತ ಎದೆ ಉಬ್ಬಿಸುತ್ತಿದ್ದ.

ಆ ಬೆಲೆ ತೆರುತ್ತಿದ್ದವಳು ಅವನ ತಮ್ಮನ ಹೆಂಡತಿ ಚೆಲುವಮ್ಮ.

ಅಣ್ಣತಮ್ಮಂದಿರದು ಕೂಡಿದ ಮನೆ, ರೇಷ್ಮೆ ಹುಳುವಿನ ಬದುಕು. ಹುಳು ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಆಮೇಲೊಂದು ದಿನ ಅದು ಮೇವು ಬಿಟ್ಟು, ಮೈ ಹಳದಿ ತಿರುಗಿ, ತಲೆ ಎತ್ತುತ್ತದೆ. ಹಣ್ಣಾಯಿತು ಅಂತ ಅರ್ಥ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹಿಕ್ಕೆಯ ನಡುವೆಯೇ ಗೂಡು ಸುತ್ತಿ, ಇಡೀ ಬೆಳೆ ತಿಪ್ಪೆ ಪಾಲು. ಆರಿಸುವ ದಿನ ಕೇರಿಯ ಹೆಂಗಸರೆಲ್ಲ ಕೈಜೋಡಿಸಲು ಬರುತ್ತಿದ್ದರು, ಚೆಲುವಮ್ಮ ಕರೆದರೆ ಮಾತ್ರ. ರಂಗಮ್ಮನ ನಾಲಿಗೆಗೆ ಹೆದರಿ ಅವಳು ಕರೆದರೆ ಯಾರೂ ಬರುತ್ತಿರಲಿಲ್ಲ. ಹುಳುಮನೆಗೆ ಪುಟ್ಟಮಾದಪ್ಪ ಹಾಕಿದ ಮಡಿಯೂ ಬಿಗಿ. ಮುಟ್ಟಾದವರು ಹೊಸ್ತಿಲು ತುಳಿಯುವಂತಿಲ್ಲ. ಸೂತಕದವರು ಅತ್ತ ಸುಳಿಯುವಂತೆಯೂ ಇಲ್ಲ.

ಹೋದ ಬೇಸಿಗೆಯಲ್ಲಿ ಹನೂರಿನಲ್ಲಿ ಚೆಲುವಮ್ಮನ ಅಪ್ಪ ತೀರಿಕೊಂಡ. ಸುದ್ದಿ ತಂದ ಆ ಊರಿನ ಮುತ್ತಯ್ಯ ಕಾಮಗೆರೆಯಲ್ಲಿ ಬಸ್ಸಿಳಿದಾಗ, ಪುಟ್ಟಮಾದಪ್ಪ ಟ್ರಂಕು ಹಿಡಿದು ವಿಹಾರ ಗ್ರಾಮಕ್ಕೆ ಹೊರಟು ಅಲ್ಲೇ ನಿಂತಿದ್ದ. ಮನೆಯಲ್ಲಿ ಹುಳು ಹಣ್ಣಿಗೆ ಬಂದಿತ್ತು. ಮಗಳಿಗೆ ಸುದ್ದಿ ಮುಟ್ಟಿದರೆ ಮೂರು ದಿನ ಸೂತಕ. “ನಾನು ಯೋಳ್ತೀನಿ, ನೀನು ಓಗು” ಅಂತ ಮುತ್ತಯ್ಯನನ್ನು ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸಾಗಹಾಕಿದ. ಬಸ್ಸು ಹತ್ತಿಸಲು ಬಂದಿದ್ದ ತಮ್ಮ ಚಿನ್ನಸ್ವಾಮಿಯ ಕಿವಿಯಲ್ಲಿ ಪಿಸುಗುಟ್ಟಿ, ಬಾಯಿ ಬಿಡಬೇಡವೆಂದು ತಾಕೀತು ಮಾಡಿದ. ಆ ಗಂಡಸು ಬಾಯಿಗೆ ಬೀಗ ಹಾಕಿಕೊಂಡ. ಅಪ್ಪನನ್ನು ಮಣ್ಣು ಮಾಡುವ ಹೊತ್ತಿಗೆ ಮಗಳು ಹುಳು ಆರಿಸುತ್ತಿದ್ದಳು, ನಡುನಡುವೆ ಹೆಂಗಸರ ಜೊತೆ ನಗುತ್ತಲೂ ಇದ್ದಳು. ಆ ನಗುವನ್ನು ಮಾತ್ರ ಅವಳು ಜನ್ಮದಲ್ಲಿ ಕ್ಷಮಿಸಲಾರಳು.

ಹುಳು ಚಂದ್ರಿಕೆಗೇರಿದ ಮೇಲೆ ಯಾರದೋ ಬಾಯಲ್ಲಿ ಕೇಳಿ ಹನೂರಿಗೆ ಹೋಗುವಷ್ಟರಲ್ಲಿ ಮೂರನೇ ದಿನದ ಹಾಲುತುಪ್ಪ ಮುಗಿದು ಸೂತಕವೇ ಕಳೆದಿತ್ತು. “ನಿಮ್ಮ ಭಾವ್ನೋರ್ಗೇ ಯೋಳಿ ಬಂದಿದ್ನಲ್ಲವ್ವ ಮುತ್ತಯ್ಯ” ಅಂದಳು ಅವಳ ಅವ್ವ. ಮಾರನೇ ದಿನವೇ ಗೂಡು ಬಿಡಿಸಲು ಬಾ ಅಂತ ಗಂಡನ ಮನೆಯಿಂದ ಕರೆ ಬಂತು. ವಿಹಾರದಿಂದ ಮೈ ತುಂಬಿಕೊಂಡು ಬಂದ ರಂಗಮ್ಮ, “ವಯಸ್ಸಾಗಿತ್ತಲ್ಲಮ್ಮಿ, ಬುಡು” ಅಂದಳು. ಚೆಲುವಮ್ಮ ಬಿಡಲಿಲ್ಲ. ಅತ್ತರೆ ಹೊಟ್ಟೆಯ ಉರಿ ಆರಿಹೋದೀತೆಂದು ಅಳಲೂ ಇಲ್ಲ.

ಈ ಬೇಸಿಗೆಯಲ್ಲೂ ಅವರು ಟ್ರಂಕು ಕಟ್ಟಿದರು. ಚೆಲುವಮ್ಮ ದಾರಿಗೆ ಚಕ್ಕುಲಿ ಸುಟ್ಟುಕೊಟ್ಟು ಕಳಿಸಿದಳು. ಎರಡು ದಿನ ಕಳೆಯಿತು. ಬೆಳಗ್ಗೆ ಹುಳುವಿನ ತಟ್ಟೆಗಳ ಮೇಲೆ ಕೈಯಾಡಿಸಿ ನೋಡಿದಳು. ನಾಳೆ ಬೆಳಗಿಗೆ ಹಣ್ಣು, ಅನುಮಾನವೇ ಇಲ್ಲ. ಇಂಥ ಬೆಳೆ ನಾಲ್ಕು ವರ್ಷದಿಂದ ಕಂಡಿರಲಿಲ್ಲ. ಅದರಲ್ಲಿ ತನ್ನ ಕೂಳೂ ಇದೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸೀರೆ ಬದಲಾಯಿಸಿದಳು.

“ಎಲ್ಗಮ್ಮಿ?” ಅಂದ ಚಿನ್ನಸ್ವಾಮಿ, ಗಾಬರಿಯಾಗಿ.

“ಓದ್ವರ್ಸ ಬಾಯ್ ಮುಚ್ಕಂಡಿದ್ರಲ್ಲ, ಈಗ್ಲೂ ಮುಚ್ಕಂಡಿರಿ” ಅಂದು ಬಸ್ಸು ಹತ್ತಿದಳು.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ವಿಹಾರ ಗ್ರಾಮ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಮೈಸೂರಿನ ಸಂಸಾರಗಳು ಮನೆಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದವು. ರಂಗಮ್ಮ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿದ್ದಳು. ಚೆಲುವಮ್ಮನನ್ನು ಕಂಡು ಪುಟ್ಟಮಾದಪ್ಪ ದಡಬಡಿಸಿ ಎದ್ದ.

“ಹುಳ?”

“ನಾಳೆ ಬೆಳಗ್ಗೆ ಹಣ್ಣಾಯ್ತವೆ ಭಾವ.”

“ಮತ್ತೆ ಇಲ್ಲೇನ್ಲಾ ಕೆಲ್ಸ ನಿಂಗೆ?” ಸಿಟ್ಟಿನಲ್ಲಿ ಹೆಣ್ಣುಗಂಡೆಂಬುದೂ ಮರೆತುಹೋಯಿತು ಅವನಿಗೆ. ಅಕ್ಕಪಕ್ಕದವರು ತಿರುಗಿ ನೋಡಿದ್ದೇ ದನಿ ತಗ್ಗಿಸಿದ. “ಕೊಳ್ಳೇಗಾಲದ ಕಡೇ ಬಸ್ಸು ಇನ್ನೇನು ಬತ್ತದೆ. ನಡಿಯವ್ವ, ನಾವೂ ಬತ್ತೀವಿ.”

“ಬತ್ತೀನಿ. ಮುತ್ತಯ್ಯ ನಿಮ್ಗೊಂದು ಸುದ್ದಿ ಕೊಟ್ಟು ಓಗಿದ್ನಲ್ಲ, ನಾನು ಯೋಳ್ತೀನಿ ಅಂದಿದ್ರಿ. ಇನ್ನೂ ಯೋಳಿಲ್ಲ. ಅದನ್ನ ಯೋಳಿ.”

ಪುಟ್ಟಮಾದಪ್ಪನ ಮುಖ ಕಪ್ಪಿಟ್ಟಿತು. “ಮುಗ್ದೋದ್ದ ಈಗ್ಯಾಕೆ ಕೆದುಕ್ತೀಯೆ?”

“ಬಸ್ಸು ಬತ್ತದೆ ಭಾವ.”

“ತಪ್ಪಾಯ್ತು ಅಂತ ಯೋಳ್ಬುಡಿ ಅತ್ಲಾಗೆ!” ಅಂತ ರಂಗಮ್ಮ ಗಂಡನ ತೋಳು ತಿವಿದಳು.

“ತಪ್ಪು ಬ್ಯಾಡಿ ಅಕ್ಕ. ಸುದ್ದಿ ಯೋಳ್ಲಿ.”

ಹೇಳಿದರೆ ಹೆಂಗಸಿನ ಮನಸ್ಸು ತಣ್ಣಗಾದೀತು, ಬಸ್ಸು ಹತ್ತಿಯಾಳು ಅಂತ ಅವನ ಎಣಿಕೆ. ನೆಲ ನೋಡಿಕೊಂಡು ಗಂಟಲು ಸರಿ ಮಾಡಿಕೊಂಡ. “ನಿಮ್ಮಪ್ಪ… ತೀರ್ಕಂಬುಟ್ರು ಕಣವ್ವ.”

ಚೆಲುವಮ್ಮ ತುರುಬು ಬಿಚ್ಚಿದಳು. “ಈಗ ಮುಟ್ತು ಸುದ್ದಿ. ಇವತ್ನಿಂದ ಮೂರು ದಿನ ನಂಗೆ ಸೂತಕ. ಹುಳಮನೆ ಕಡೀಕೂ ಸುಳಿಯಕ್ಕಿಲ್ಲ. ಕೇರಿ ಹೆಂಗಸ್ರನ್ನೂ ಕರಿಯಕ್ಕಿಲ್ಲ. ನೀವೇ ಮಾಡಿದ್ ಮಡಿ ಅಲ್ವಾ ಭಾವ?”

ಅಂದವಳೇ ಜಗುಲಿಯ ಮೇಲೆ ಕುಸಿದು ಕೂತು, ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು. “ನನ್ನಪ್ಪಾ, ನೀ ಮಣ್ಣಿಗೋಗೊ ಹೊತ್ನಲ್ಲಿ ನಾ ನಗ್ತಾ ಇದ್ನಲ್ಲಪ್ಪಾ…” ಮೊದಲ ಸೊಲ್ಲು ಹಗೆಯದು. ಭಾವನ ಮುಖ ನೋಡಿಕೊಂಡೇ, ಅವನ ನೆಮ್ಮದಿಗೆ ಕೊಳ್ಳಿ ಇಡಲೆಂದೇ ತೆಗೆದ ದನಿ. ಎರಡನೆಯ ಸೊಲ್ಲಿಗೆ ಅಪ್ಪನೇ ಕಣ್ಣ ಮುಂದೆ ಬಂದು ನಿಂತ, ವರ್ಷದಿಂದ ಕಟ್ಟಿಟ್ಟಿದ್ದ ಅಳು ಒಡೆಯಿತು. ಮೈಸೂರಿನ ಸಂಸಾರಗಳು ಕಾಫಿ ಲೋಟ ಕೆಳಗಿಟ್ಟವು. ಯಾರೋ ಮಕ್ಕಳನ್ನು ಒಳಗೆ ಕರೆದುಕೊಂಡರು. ಮ್ಯಾನೇಜರು ಓಡಿ ಬಂದು, ಸಾವಿನ ಅಳು ಎಂದು ತಿಳಿದು ಹಿಂದೆ ಸರಿದ.

ಮನೆಯವಳು ಹಾಡಿ ಅಳುವಾಗ ಇನ್ನೊಬ್ಬಳು ಕುತ್ತಿಗೆ ತಬ್ಬಿ ಜೊತೆಗೂಡದಿದ್ದರೆ ಅದಕ್ಕಿಂತ ಹೀನಾಯ ಆ ಸೀಮೆಯಲ್ಲಿಲ್ಲ. ಇಷ್ಟು ಜನ ನೋಡುತ್ತಿರುವಾಗ ರಂಗಮ್ಮ ಕುರ್ಚಿ ಬಿಟ್ಟು ಇಳಿಯಲೇಬೇಕಾಯಿತು. ಪಕ್ಕದಲ್ಲಿ ಕೂತು, ಕಣ್ಣಿಗೆ ಸೆರಗು ಒತ್ತಿ, ಬಾರದ ಅಳುವನ್ನು ಎಳೆದಳು. ಚೆಲುವಮ್ಮ ಅವಳ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಆಚೆ ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸು ಬಂದು ನಿಂತಿತು. ಪುಟ್ಟಮಾದಪ್ಪ ನಾಲ್ಕು ಹೆಜ್ಜೆ ಓಡಿದ, ತಿರುಗಿ ಹೆಂಡತಿಯನ್ನು ನೋಡಿದ, ನಿಂತ. ಹಣ್ಣು ಹುಳು ಯಾವುದು, ಕಾಯಿ ಯಾವುದು ಅಂತ ಅವನಿಗೂ ತಮ್ಮನಿಗೂ ತಿಳಿಯದು, ರಂಗಮ್ಮನಿಗೂ ತಿಳಿಯದು; ಅವಳು ಕರೆದರೆ ಕೇರಿಯವರೂ ಬರರು. ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

ಚೆಲುವಮ್ಮನ ತೋಳಿನಲ್ಲಿ ರಂಗಮ್ಮ ಆಗ ನಿಜವಾಗಿ ಅಳಲು ಶುರುಮಾಡಿದಳು.