ಮೂರನೇ ಶೆಡ್ಡಿನ ಮೇವು

ಐವಿ ಟ್ರೆಲೋರ್ ಹದಿನೆಂಟನೇ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಾಗ ವಿಕ್ ಡೋರನ್ ಊರ ಸಭಾಂಗಣದ ಅಡುಗೆಕೋಣೆಗೆ ನುಗ್ಗಿ ಬಾಗಿಲು ಹಾಕಿದ.

"ಏನೇ ಇದು? ಕ್ಲೆಮ್ ಹಾಡ್ಲಿ ಸಾವಿಗೆ ಮೊಟ್ಟೆ ಸ್ಯಾಂಡ್‌ವಿಚ್ಚಾ?"

"ಏನು ಮಾಡ್ತಾನೆ ಈಗ? ಎದ್ದು ಬಂದು ಎಣಿಸ್ತಾನಾ?"

ವಿಕ್ ನಗಲಿಲ್ಲ. ಮದುವೆಯಾಗಲಿ ಮಣ್ಣಾಗಲಿ, ಗಿಲ್ಲಾಬಾ ಊರಿನ ಹೆಂಗಸರು ತಲೆಗೊಂದು ತಟ್ಟೆ ತಿಂಡಿ ತರುವುದು ಪದ್ಧತಿ. ಆದರೆ ಕ್ಲೆಮ್ ಬರುತ್ತಾನೆಂದರೆ ಸೌತೆಕಾಯಿ, ಟೊಮೆಟೊ, ಹಂದಿಮಾಂಸ. ಮೊಟ್ಟೆಯ ಸುದ್ದಿಯೇ ಇಲ್ಲ. ಅವನು ಸರ್ಕಾರದ ಮೊಟ್ಟೆ ಮಂಡಳಿಯ ಇನ್ಸ್‌ಪೆಕ್ಟರಾಗಿದ್ದವನು. ಮೊಟ್ಟೆ ಹೆಚ್ಚಾಗಿ ಬೆಲೆ ಬೀಳದಿರಲೆಂದು ಯಾರು ಎಷ್ಟು ಕೋಳಿ ಸಾಕಬೇಕೆಂಬುದನ್ನು ಮಂಡಳಿಯೇ ಗೊತ್ತು ಮಾಡುತ್ತಿತ್ತು. ಕೋಳಿ ಕೇಳಿ ಮಸಾಲೆ ಅರೆಯುವವರಿಲ್ಲ, ನಿಜ. ಮಂಡಳಿ ಕೇಳದೆ ಕೋಳಿ ಸಾಕುವಂತೆಯೂ ಇರಲಿಲ್ಲ.

"ಪಾದ್ರಿ ಕೊನೇಲಿ 'ಯಾರಾದ್ರೂ ಮಾತಾಡ್ತೀರಾ' ಅಂತಾನಲ್ಲ, ನಾನು ಏಳ್ತೀನಿ," ಎಂದ ವಿಕ್. "ಈ ರಸ್ತೇಲಿ ಎಲ್ಲರತ್ರಾನೂ ಕಳ್ಳಕೋಳಿ ಇತ್ತು. ಅವನ ಕಣ್ಣಿಗೆ ನನ್ನ ಎಪ್ಪತ್ತೇ ಬಿದ್ವಾ? ನನ್ನೆದುರಿಗೇ ಕತ್ತು ಮುರಿಸಿದ. ಯಾರತ್ರಾನೋ ಲಂಚ ತಿಂದಿದ್ದ ಕಣೇ. ಅವನ ಹೆಂಡ್ತಿ ಮುಂದೇನೇ ಹೇಳ್ತೀನಿ."

"ನ್ಯಾನ್ಸ್ ಏನು ಮಾಡಿದ್ಲು ನಿಂಗೆ? ಇವತ್ತೇ ಆಗ್ಬೇಕಾ?"

"ನಾಳೆ ಹೇಳಿದ್ರೆ ಮಣ್ಣು ಕೇಳುತ್ತೆ ಅಷ್ಟೆ." ಬಾಗಿಲು ತೆಗೆದವನು ತಿರುಗಿದ. "ಗುರುವಾರ ಎಂಟೂವರೆಗೆ ಹೊರಟಿರು. ಕಣ್ಣಿನ ಡಾಕ್ಟ್ರು ಬೇಗ ಬಾ ಅಂದಿದಾರೆ."

ಗಾಡಿ ಓಡಿಸುವಷ್ಟು ನೋಟ ಐವಿಗೆ ಉಳಿದಿರಲಿಲ್ಲ. ಗಂಡ ಹೋದ ಮೇಲೆ ವಿಕ್‌ನ ಪಿಕಪ್ಪೇ ಅವಳ ಕಣ್ಣು, ಅದೇ ಅವಳ ಕಾಲು.

*

ವಿಕ್‌ನ ಕೋಳಿಗಳು ಹೋದ ಆ ವರ್ಷ ಟ್ರ್ಯಾಕ್ಟರ್ ಮಗುಚಿ ಅವಳ ಗಂಡ ಹಾಸಿಗೆ ಹಿಡಿದಿದ್ದ. ಮೂರನೇ ಶೆಡ್ಡಿನಲ್ಲಿ ಮಂಡಳಿಗೆ ತಿಳಿಯದ ಇನ್ನೂರನಲವತ್ತು ಕೋಳಿಗಳು. ಕ್ಲೆಮ್ ಎರಡು ಶೆಡ್ ಎಣಿಸಿ ಮುಗಿಸಿದ. ಅಂಗೈಯಲ್ಲಿದ್ದ ಪುಟ್ಟ ಎಣಿಕೆ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದಂತೆಲ್ಲ ಕೋಳಿಗೊಂದು ಟಿಕ್. ಮೂರನೆಯದರ ಮುಂದೆ ನಿಂತ. ಒಳಗೆ ಸಂತೆಯ ಗದ್ದಲ. ಮನೆಯ ಕಿಟಕಿಯಲ್ಲಿ ಹಾಸಿಗೆ ಕಾಣುತ್ತಿತ್ತು, ಅದನ್ನು ನೋಡಿದ. ಯಂತ್ರ ಜೇಬಿಗಿಳಿಯಿತು.

"ಇದ್ರಲ್ಲಿ ಮೇವು ಇಟ್ಟಿದೀಯಾ?"

"ಹೂಂ."

"ಬಹಳ ಮಾತಾಡುತ್ತೆ ನಿನ್ನ ಮೇವು. ರಸ್ತೆಗೆ ಕೇಳಿಸ್ತಿದೆ."

ಅವಳು ಚಾಚಿದ ಡಜನ್ ಮೊಟ್ಟೆಯನ್ನು ಅವನು ಮುಟ್ಟಲಿಲ್ಲ. ಚಹಾವನ್ನೂ ಬೇಡವೆಂದ. ಅಷ್ಟರಲ್ಲಿ ಗೇಟಿಗೆ ಮಂಡಳಿಯ ಕಾರು ಬಂತು. ಸಿಡ್ನಿಯಿಂದ ಬಂದ ಕೋಟಿನವನೊಬ್ಬ ಇಳಿದ.

"ಈ ರಸ್ತೇಲಿ ಕಳ್ಳಕೋಳಿ ಇದೆ ಅಂತ ಯಾರೋ ಕಾಗದ ಬರೆದಿದಾರೆ. ನಾನು ಬರಿಗೈಲಿ ವಾಪಸ್ ಹೋಗೋನಲ್ಲ."

"ಇಲ್ಲೇನಿಲ್ಲ," ಎಂದ ಕ್ಲೆಮ್, ಅವಳ ಮುಖ ನೋಡದೆ. "ಪಕ್ಕದ ಡೋರನ್ ಮನೆ ನೋಡೋಣ ಬನ್ನಿ."

ಐವಿ ತುಟಿ ಬಿಚ್ಚಲಿಲ್ಲ. ಬೇಲಿಯಾಚೆಯ ಕೂಗು ಒಂದೊಂದಾಗಿ ನಿಲ್ಲುವವರೆಗೂ ಅಲ್ಲೇ ನಿಂತಿದ್ದಳು.

*

ಆಮೇಲೆ ಮಂಡಳಿ ಮುಚ್ಚಿತು, ಮಾರುಕಟ್ಟೆ ತೆರೆಯಿತು. ಎಷ್ಟು ಬೇಕೋ ಅಷ್ಟು ಸಾಕಿಕೊಳ್ಳಿ ಎಂದಿತು ಸರ್ಕಾರ. ಕರಾವಳಿಯ ಕಂಪನಿಯೊಂದು ಲಕ್ಷ ಕೋಳಿ ಸಾಕಿಕೊಂಡಿತು. ಎರಡೇ ವರ್ಷದಲ್ಲಿ ಗಿಲ್ಲಾಬಾದಲ್ಲಿ ಎಣಿಸುವವನೂ ಇಲ್ಲ, ಬಚ್ಚಿಡಲು ಒಂದು ಕೋಳಿಪಿಳ್ಳೆಯೂ ಇಲ್ಲ. ಐವಿಯ ತಟ್ಟೆಯಲ್ಲಿದ್ದದ್ದೂ ಸೂಪರ್‌ಮಾರ್ಕೆಟ್ಟಿನ ಮೊಟ್ಟೆಯೇ.

"ಯಾರಾದರೂ ಎರಡು ಮಾತು?" ಎಂದರು ಪಾದ್ರಿ, ಸಭಾಂಗಣದಲ್ಲಿ ಪ್ರಾರ್ಥನೆ ಮುಗಿಸಿ.

ವಿಕ್ ಎದ್ದ. ಮುಂದಿನ ಸಾಲಿನಿಂದ ನ್ಯಾನ್ಸ್ ತಿರುಗಿ, ಒಳ್ಳೆಯ ಮಾತೊಂದು ಬರುತ್ತದೆಂದು ಮುಗುಳ್ನಕ್ಕಳು.

"ಊರ ಕೋಳೀನೆಲ್ಲ ಎಣಿಸ್ದ ಈ ಮಹಾಶಯ, ಯಾರ್ದೋ ಮನೇಲಿ ಎಣಿಸ್ಲಿಲ್ಲ. ಯಾಕಂದ್ರೆ..."

"ನಮ್ಮನೇಲಿ."

ಐವಿ ಮೊಟ್ಟೆ ಸ್ಯಾಂಡ್‌ವಿಚ್ಚು ತುಂಬಿದ ತಟ್ಟೆ ಹಿಡಿದು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಮೂರನೇ ಶೆಡ್ಡಲ್ಲಿ ಇನ್ನೂರನಲವತ್ತಿತ್ತು. ಮೇವು ಅಂದ್ಬಿಟ್ಟ. ಒಂದು ಮೊಟ್ಟೇನೂ ಮುಟ್ಲಿಲ್ಲ ಕಣೇ ನ್ಯಾನ್ಸ್." ಅವಳು ವಿಕ್‌ನತ್ತ ತಿರುಗಿದಳು. "ಕೋಟಿನವನನ್ನ ನಿಮ್ಮನೆಗೆ ಕರ್ಕೊಂಡು ಹೋಗಿದ್ದು ನನ್ನ ಉಳಿಸೋಕೆ, ವಿಕ್. ನಂಗೆ ಕೇಳಿಸ್ತು. ಸುಮ್ನಿದ್ದೆ."

ವಿಕ್ ಸಾಲಿನಿಂದ ಹೊರಬಂದ.

"ಆ ಶೆಡ್ಡಿನ ಸೂರಿಗೆ ತಗಡು ಹೊಡ್ಕೊಟ್ಟೋನು ನಾನು ಕಣೇ," ಎಂದ.

ನಡೆದು ಹೋಗಿ ಶವಪೆಟ್ಟಿಗೆಯ ಬಳಿ ನಿಂತ. ಹೂವಿನ ಪಕ್ಕದಲ್ಲಿ ನ್ಯಾನ್ಸ್ ತನ್ನ ಗಂಡನ ಎಣಿಕೆ ಯಂತ್ರ ಇಟ್ಟಿದ್ದಳು. ವಿಕ್ ಅದನ್ನೆತ್ತಿ ಹೆಬ್ಬೆರಳು ಒತ್ತಿದ. ಟಿಕ್. ಮತ್ತೆ ಟಿಕ್. ಐವಿ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಎಪ್ಪತ್ತಕ್ಕೆ ಸದ್ದು ನಿಂತಿತು.

ಯಂತ್ರವನ್ನು ಇದ್ದಲ್ಲೇ ಇಟ್ಟು, ಐವಿಯ ಮಗ್ಗುಲಲ್ಲೇ ಹಾದು, ಅವಳತ್ತ ನೋಡದೆ ಅವನು ಹೊರಗೆ ಹೋದ. ಪಿಕಪ್ ಚಾಲೂ ಆಯಿತು. ಗುರುಗುಟ್ಟುತ್ತಲೇ ಇತ್ತು, ಹೊರಡಲಿಲ್ಲ.

ಐವಿ ಕಣ್ಣು ಕಿರಿದಾಗಿಸಿ ತಟ್ಟೆ ನೋಡಿದಳು. ಸರಿಯಾಗಿ ಕಾಣಲಿಲ್ಲ. ಬೆರಳಿನಿಂದ ಅಂಚು ಸವರಿದಳು. ತ್ರಿಕೋನ ಸ್ಯಾಂಡ್‌ವಿಚ್ಚುಗಳ ಸಾಲಿನಲ್ಲಿ ಒಂದರ ಜಾಗ ಖಾಲಿಯಿತ್ತು.