ಬೇಡವೆಂದ ಹನ್ನೊಂದು ಸಹಿ

“ಬೆರಳು ಹಿಂಡಬೇಡ ಕಣೇ. ಸೋಪು ಹಚ್ಚು, ನೀರಲ್ಲೇ ಹಿಡಿ,” ಎಂದಳು ಮೇಲ್ವಿಚಾರಕಿ.

ಅವಳ ನಾದಿನಿಯ ಹೆಬ್ಬೆರಳಿನಿಂದ ಬಂದಿದ್ದು ಒಂದು ಹನಿ ರಕ್ತ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೊಳೆ ಹೊದಿಕೆ ಬಿಡಿಸುವಾಗ, ಮಡಿಕೆಯೊಳಗಿದ್ದ ಸೂಜಿ ಕೈಗವಸು ತೂರಿ ಚುಚ್ಚಿತ್ತು. ಯಾವ ರೋಗಿಗೆ ಬಳಸಿದ ಸೂಜಿಯೋ ಹೇಳುವಂತಿರಲಿಲ್ಲ. ಆ ಗಂಟಿನಲ್ಲಿ ಮೂರು ವಾರ್ಡುಗಳ ಬಟ್ಟೆ ಬೆರೆತಿತ್ತು.

“ಅಯ್ಯೋ ಅತ್ತಿಗೆ, ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ಜಾಸ್ತಿ ಉರಿಯುತ್ತೆ. ಚುಚ್ಚಿದ್ದು ನಂಗಾ, ನಿಮಗಾ? ಮುಖ ನೋಡ್ಕೊಳ್ಳಿ ಕನ್ನಡೀಲಿ!”

ಮೇಲ್ವಿಚಾರಕಿ ನಗಲಿಲ್ಲ. ಐದು ತಿಂಗಳ ಹಿಂದೆ ಕಚೇರಿಯಿಂದ, ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ರೋಗದ ಲಸಿಕೆಯ ಕಾಗದಗಳು ಬಂದಿದ್ದವು. ಖರ್ಚು ಆಸ್ಪತ್ರೆಯದು, ಹಾಕುವುದು ಕೆಲಸದ ಹೊತ್ತಿನಲ್ಲೇ. ಪ್ರತಿಯೊಬ್ಬರಿಗೂ ರೋಗದ ವಿಷಯ ತಿಳಿಸಿ, ಬೇಕೋ ಬೇಡವೋ ಎಂದು ಕೇಳಿ ಸಹಿ ಪಡೆಯಬೇಕಿತ್ತು. ಆ ವಾರ ಎರಡು ಯಂತ್ರ ಕೆಟ್ಟು ಕೂತಿದ್ದವು. ಮೂರು ಡೋಸಿಗೆಂದು ಹನ್ನೊಂದು ಜನರನ್ನು ಮೂರು ಮೂರು ಸಲ ಮೇಲಕ್ಕೆ ಕಳಿಸುವುದು ಹೇಗೆ? ಹೊಸ ಕೈಗವಸು ಹಂಚುತ್ತಾ ಅವಳು ಎರಡು ಹಾಳೆ ಮುಂದಿಟ್ಟಿದ್ದಳು. “ಇಲ್ಲೊಂದು, ಇಲ್ಲೊಂದು ಸೈನ್. ಬೇಗ, ಬೇಗ.” ಮೊದಲನೆಯದು ಕೈಗವಸು ಪಡೆದದ್ದಕ್ಕೆ, ಎರಡನೆಯದು ‘ಲಸಿಕೆ ಬೇಡ’ ಎಂಬ ಹಾಳೆ.

ಈಗ ಮೇಲಿನ ಕೋಣೆಯಲ್ಲಿ ವೈದ್ಯೆ ಆ ಹಾಳೆ ತೆಗೆದು ಕೇಳಿದಳು: “ಲಸಿಕೆ ಬೇಡ ಅಂತ ಬರ್ಕೊಟ್ಟಿದ್ದೀಯಲ್ಲ, ಯಾಕಮ್ಮಾ?”

“ಯಾವ ಲಸಿಕೆ?”

ನಾದಿನಿ ತನ್ನ ಸಹಿ ನೋಡಿದಳು. ಅತ್ತಿಗೆಯ ಮುಖ ನೋಡಿದಳು. ಈ ಕೆಲಸಕ್ಕೆ ಸೇರಿಸಿದವಳು ಅತ್ತಿಗೆಯೇ.

“ಹೌದು ಮೇಡಂ,” ಎಂದಳು ತಡೆದು. “ಜ್ವರ ಬರುತ್ತೆ ಅಂದ್ರು ಯಾರೋ. ನಾನೇ ಬೇಡ ಅಂದೆ.”

“ಇವತ್ತೇ ಎರಡು ಇಂಜೆಕ್ಷನ್ ಹಾಕ್ತೀವಿ. ತಡ ಮಾಡದೆ ಬಂದಿದ್ದು ಒಳ್ಳೇದಾಯ್ತು. ಆದರೂ ಆರು ತಿಂಗಳು ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು.”

“ಆರು ತಿಂಗಳಾ?” ಎಂದಳು ನಾದಿನಿ. “ಮಗೂಗೆ ಇನ್ನೂ ಎದೆಹಾಲು ಕುಡಿಸ್ತೀನಿ ಮೇಡಂ.”

“ಕುಡಿಸಬಹುದು,” ಎಂದಳು ವೈದ್ಯೆ. ನಾದಿನಿ ನಂಬಿದಂತೆ ಕಾಣಲಿಲ್ಲ. ಕೈಯನ್ನು ಮೈಯಿಂದ ದೂರ ಚಾಚಿಯೇ ಕುಳಿತಿದ್ದಳು.

ಸುಮ್ಮನಿದ್ದರೆ ಮೇಲ್ವಿಚಾರಕಿಯ ಕೆಲಸ ಉಳಿಯುತ್ತಿತ್ತು. ಆದರೆ ಕೆಳಗೆ ಇನ್ನೂ ಹತ್ತು ಜನ ಗಂಟು ಬಿಚ್ಚುತ್ತಿದ್ದರು.

“ಇವಳನ್ನ ನಾನು ಕೇಳೇ ಇಲ್ಲ,” ಎಂದಳು ಮೇಲ್ವಿಚಾರಕಿ. “ಯಾರನ್ನೂ ಕೇಳಿಲ್ಲ. ಮೋಸದಿಂದ ಸೈನ್ ಹಾಕಿಸ್ಕೊಂಡೆ.”

ವೈದ್ಯೆ ಫೋನ್ ಎತ್ತಿದಳು.

ಕಾಲು ಗಂಟೆಯಲ್ಲಿ ಹತ್ತು ಜನವೂ ಮೇಲೆ ಬಂದರು. “ಏನಕ್ಕಾ, ಎಲ್ಲರಿಗೂ ಒಟ್ಟಿಗೇ ಪ್ರಮೋಷನ್ನಾ?” ಎಂದಳು ಇಸ್ತ್ರಿಯವಳು. ಉಳಿದವರು ನಕ್ಕರು.

ಮೇಲ್ವಿಚಾರಕಿ ನಿಂತೇ ಎಲ್ಲವನ್ನೂ ಹೇಳಿದಳು: ರೋಗ, ಲಸಿಕೆ, ಸಹಿ. ಯಾರೂ ಬೈಯಲಿಲ್ಲ. ಇಸ್ತ್ರಿಯವಳ ನಗು ಮಾತ್ರ ಅಲ್ಲಿಗೇ ನಿಂತಿತು.

“ಹೋದ ತಿಂಗಳು ದಿಂಬಿನ ಕವರಲ್ಲಿ ಏನೋ ಚುಚ್ಚಿತ್ತು,” ಎಂದಳು ಮೆಲ್ಲಗೆ. “ಪಿನ್ನಿರಬೇಕು ಅಂದ್ಕೊಂಡೆ.”

ಅವಳು ಕಿಟಕಿಯ ಬಳಿ ಹೋಗಿ ಬೆರಳುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡತೊಡಗಿದಳು. ಪಕ್ಕದವಳೂ ತನ್ನ ಕೈ ನೋಡಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಿಟಕಿಯತ್ತ ಸರಿದರು.