ಸೋಮವಾರದ ಹೊರೆ

ಮಿಷನ್ನಿಗೆ ಬಿಡುವ ಎಣ್ಣೆಯ ವಾಸನೆಯೂ ಗಂಜಿ ಹೋಗದ ಕೋರಾ ಬಟ್ಟೆಯ ವಾಸನೆಯೂ ಕೂಡಿದರೆ ಸಾಕು, ಸರ್ವಮಂಗಳಳಿಗೆ ಶಿಕಾರಿಪುರದ ಪೇಟೆಬೀದಿಯ ಜಗಲಿ ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಅವಳ ಅಪ್ಪ ರಾಜಪ್ಪ ಕಾಲು ಮಡಚಿ ಕೂತು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಬಟ್ಟೆ ನೂಕುತ್ತ ಊರವರ ಅಂಗಿ ಹೊಲಿಯುತ್ತಿದ್ದ. ಇವಳು ಅವನ ಮೊಣಕಾಲಿಗೆ ಒರಗಿ ಕೂತು ಕೆಳಗೆ ಬಿದ್ದ ಚಿಂದಿಗಳನ್ನು ಮೂಸುತ್ತಿದ್ದಳು. ಸಾಯುವ ಮುಂಚೆ ಅವನು ಆ ಕೈಮಿಷನ್ನನ್ನು ಮಗಳಿಗೇ ಕೊಟ್ಟಿದ್ದ.

ಈಗ ಅದೇ ವಾಸನೆ ತೊಗರ್ಸಿಯ ಗಂಡನ ಮನೆಯಲ್ಲಿ ಎದ್ದರೆ ಅವಳು ಚಕ್ರ ನಿಲ್ಲಿಸಿ ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಗಂಡ ಸತ್ತು ಎರಡು ವರ್ಷವಾಗಿತ್ತು. ಭಾವ ಪರಮಶಿವಪ್ಪ ಅವಳಿಗೆ ಹೊಸಬಾಳೆಯ ಕಡೆ ಉಡಿಕೆ ಗೊತ್ತುಮಾಡಿದ್ದ. ಅಲ್ಲಿಯವನು ಹೆಂಡತಿ ಸತ್ತವನು, ಬೆಳೆದ ಮಕ್ಕಳಿದ್ದವನು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕಳಿಸುವುದು ಅವರ ಜನದಲ್ಲಿ ಇದ್ದದ್ದೇ, ಅದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಹಾಗೆ ಹೋಗುವವಳು ಮೊದಲ ಗಂಡನ ಕೂಸನ್ನು ಆ ಮನೆಯಲ್ಲೇ ಬಿಟ್ಟು ಹೋಗಬೇಕು. ಮಗಳು ನೀಲಳಿಗೆ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ರಾತ್ರಿ ತಾಯಿಯ ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳದೆ ಅದಕ್ಕೆ ನಿದ್ದೆ ಬರುತ್ತಿರಲಿಲ್ಲ.

ಶಾಲೆ ಮೇಷ್ಟ್ರ ಹೆಂಡತಿ ಯಮುನಮ್ಮನಿಗೆ ಇದೆಲ್ಲ ಗೊತ್ತಿತ್ತು. ಸೊರಬದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ತರಗತಿ ತೆರೆಯುತ್ತಾರೆ, ಕಲಿಸುವವರು ಬೇಕಂತೆ, ಇರಲು ಒಂದು ಕೋಣೆಯನ್ನೂ ಕೊಡುತ್ತಾರಂತೆ ಎಂದು ಪತ್ರಿಕೆಯಲ್ಲಿ ಕಂಡವಳೇ ಅರ್ಜಿ ಹಾಕಿಸಿದಳು. ಕರೆಯೂ ಬಂತು. ಜನವರಿ ಹತ್ತೊಂಬತ್ತಕ್ಕೆ ಇಂಟರ್‌ವ್ಯೂ, ಬರುವಾಗ ಸ್ವಂತ ಮಿಷನ್ ತರಬೇಕು, ಅವರೆದುರಿಗೇ ಒಂದು ಕುಪ್ಪಸ ಹೊಲಿದು ತೋರಿಸಬೇಕು.

ಅಂದಿನಿಂದ ದಿನಾ ಸಂಜೆ ಯಮುನಮ್ಮ ಅಕ್ಕಿ ಆರಿಸುತ್ತ ಪ್ರಶ್ನೆ ಕೇಳುವುದು, ಸರ್ವಮಂಗಳ ಹಳೇ ಪೇಪರಿನ ಮೇಲೆ ಕುಪ್ಪಸ ಕತ್ತರಿಸುತ್ತ ಉತ್ತರ ಹೇಳುವುದು ನಡೆಯಿತು. ಬಾಬಿನ್ ಎಂದರೇನು, ತೋಳಿಗೆ ಎಷ್ಟು ಬಟ್ಟೆ ಬಿಡಬೇಕು, ದಾರ ಯಾಕೆ ಹರಿಯುತ್ತದೆ, ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಈ ಕೆಲಸ ನಿಮಗೆ ಯಾಕೆ ಬೇಕು ಎಂಬಲ್ಲಿಗೆ ಬಂದರೆ ಮಾತ್ರ ಕಣ್ಣೀರು ಪೇಪರಿನ ಮೇಲೆ ಬೀಳುತ್ತಿತ್ತು. ಆಗ ಯಮುನಮ್ಮ ಮೊರ ಎತ್ತಿಕೊಂಡು ಬೆಳಕಿನ ಕಡೆ ತಿರುಗಿ ಇಲ್ಲದ ಕಲ್ಲು ಹುಡುಕುತ್ತಿದ್ದಳು. ಇವಳು ಮುಖ ಒರೆಸಿಕೊಂಡ ಮೇಲೆ, ಏನೂ ಆಗದವಳ ಹಾಗೆ ಮುಂದಿನ ಪ್ರಶ್ನೆ ಕೇಳುತ್ತಿದ್ದಳು.

ಇಷ್ಟೆಲ್ಲ ತಯಾರಿಯಲ್ಲಿ ಒಂದು ತಪ್ಪು ನಡೆದುಹೋಗಿತ್ತು. ಸೊರಬದ ಬಸ್ಸು ಹಿಡಿಯಲು ಶಿರಾಳಕೊಪ್ಪದ ತನಕ ಗಾಡಿ ಬೇಕಿತ್ತು. ಪಕ್ಕದ ಮನೆಯ ಗುಡ್ಡಪ್ಪ ಕೇಳಿದ ಕೂಡಲೇ ಒಪ್ಪಿಕೊಂಡಿದ್ದ. ಪೇಟೆಯಲ್ಲಿ ಬೆಳೆದ ಸರ್ವಮಂಗಳ ಅವನಿಗೆ ತಾರೀಖು ಹೇಳಿದ್ದಳೇ ಹೊರತು ವಾರ ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ನೆನಪಿಸಲು ಹೋದಾಗ ಅವನು ಎತ್ತುಗಳ ಮೈ ತಿಕ್ಕುತ್ತಿದ್ದ.

"ನಾಳೆ ಹೊತ್ತಾರೆ ಬೇಗ ಹೂಡ್ಬೇಕಾಗ್ತತಿ ಗುಡ್ಡಪ್ಪಣ್ಣ," ಎಂದಳು.

ಗುಡ್ಡಪ್ಪನ ಕೈ ನಿಂತಿತು. "ನಾಳೆ ಸೋಮಾರ ಅಲ್ಲೇನವ್ವಾ?"

ಸೋಮವಾರ ಬಸವಣ್ಣನ ದಿನ. ಆ ದಿನ ಆ ಊರಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಆರು ವರ್ಷ ಆ ಊರಲ್ಲಿ ಬಾಳಿದವಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ತಲೆ ತುಂಬ ತೋಳಿನ ಅಳತೆ, ಕಂಕುಳಿನ ಅಳತೆ ತುಂಬಿಕೊಂಡಿದ್ದರಿಂದ ವಾರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಗುಡ್ಡಪ್ಪ ಅವಳಿಗಿಂತ ಹೆಚ್ಚು ನೊಂದುಕೊಂಡ. ತಾರೀಖು ತನಗೆಲ್ಲಿ ತಿಳಿಯಬೇಕು, ವಾರ ಹೇಳಿದ್ದರೆ ಅವತ್ತೇ ಹೇಳುತ್ತಿದ್ದೆ ಎಂದು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಉಳಿದ ಮನೆಗಳಲ್ಲೂ ಅದೇ ಉತ್ತರ ಸಿಕ್ಕಿತು.

ಪರಮಶಿವಪ್ಪನಿಗೆ ಸುದ್ದಿ ಮುಟ್ಟುವುದು ತಡವಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ, "ಬಸವಣ್ಣನೇ ಬ್ಯಾಡ ಅಂದ ಮ್ಯಾಲೆ ನಾವ್ಯಾರು? ಹೊಸಬಾಳೆಯೋರಿಗೆ ನಾಳೇನೆ ಹೇಳಿ ಕಳಿಸ್ತೀನಿ," ಎಂದ. ಮೂಲೆಯಲ್ಲಿ ಮಾವ ತೋಟಪ್ಪ ಹಗ್ಗ ಹೊಸೆಯುತ್ತಿದ್ದ. ಕಿರಿಮಗ ಸತ್ತ ಮೇಲೆ ಮಾತನ್ನೇ ಬಿಟ್ಟಂತಿದ್ದ ಮುದುಕ. ಅವನು ಒಂದು ಮಾತಾಡಲಿ ಎಂದು ಸರ್ವಮಂಗಳ ಕಾದಳು. ಅವನು ಹಗ್ಗಕ್ಕೆ ಮತ್ತೊಂದು ಎಳೆ ಸೇರಿಸಿದ.

ಬೆಳಕು ಹರಿಯುವಾಗ ಅವಳು ಮಿಂದು, ಲಿಂಗಪೂಜೆ ಮುಗಿಸಿ, ಮಲಗಿದ್ದ ಮಗಳ ಬೆರಳಿನಿಂದ ಸೆರಗು ಬಿಡಿಸಿಕೊಂಡಳು. ತಲೆಯ ಮೇಲೆ ಸಿಂಬಿ ಇಟ್ಟು ಮಿಷನ್ ಎತ್ತಿಕೊಂಡು ಹೊರಟಳು. ಊರ ಕೆರೆ ದಾಟುವಷ್ಟರಲ್ಲಿ ಕತ್ತು ಮರಗಟ್ಟಿತು, ಕಣ್ಣಿಗೆ ಕತ್ತಲೆ ಬಂತು. ಏರಿಯ ಮೇಲೆ ಹೊರೆ ಇಳಿಸಿ ಕುಸಿದು ಕೂತಳು. ಶಿರಾಳಕೊಪ್ಪ ಇನ್ನೂ ಎರಡು ಹರದಾರಿ. ಬಸ್ಸು ತಪ್ಪಿದರೆ ಕೆಲಸ ತಪ್ಪಿತು, ಕೆಲಸ ತಪ್ಪಿದರೆ ನೀಲ ಕೈತಪ್ಪಿದಳು. ಮಿಷನ್ನನ್ನು ಕೆರೆಗೆ ನೂಕಿ ತಾನೂ ಅದರ ಹಿಂದೆ ಹೋದರೇನು ಎಂಬ ಯೋಚನೆ ಕೂಡ ಆ ಗಳಿಗೆಯಲ್ಲಿ ಬಂದು ಹೋಯಿತು.

ಹಿಂದೆ ಹೆಜ್ಜೆಯ ಸದ್ದಾಯಿತು. ತೋಟಪ್ಪ ಬರುತ್ತಿದ್ದ. ಹೆಗಲ ಮೇಲೆ ಗೊಬ್ಬರ ಹೊರುವ ಬಿದಿರಿನ ಅಡ್ಡೆ, ಅದರ ಎರಡು ತುದಿಗೂ ಹೊಸ ಹಗ್ಗದಲ್ಲಿ ತೂಗುವ ಬುಟ್ಟಿ. ಮುಂದಿನ ಬುಟ್ಟಿ ಖಾಲಿ. ಹಿಂದಿನದನ್ನು ಕೈಯಿಂದ ಆನಿಸಿಕೊಂಡಿದ್ದ, ಅದರಲ್ಲಿ ಕಂಬಳಿ ಸುತ್ತಿಕೊಂಡು ನೀಲ ಕಣ್ಣುಜ್ಜುತ್ತಿದ್ದಳು.

"ಎತ್ತಿನ ಹೆಗಲಿಗೆ ನೊಗ ಇಡಬಾರ್ದು ಅಂತೈತೆ," ಎಂದ ಮುದುಕ, ಉಸಿರು ಹಿಡಿದು ಮಿಷನ್ನನ್ನು ಖಾಲಿ ಬುಟ್ಟಿಗೆ ಇಳಿಸುತ್ತ. "ನನ್ನ ಹೆಗಲಿನ ಸುದ್ದಿ ಯಾರೂ ಹೇಳಿಲ್ಲ."

"ಕೂಸನ್ನ ಯಾಕೆ ತಂದ್ರಿ ಮಾವ?"

"ಒಂದೇ ಕಡೆ ಭಾರ ಆದ್ರೆ ಅಡ್ಡೆ ನಿಲ್ಲಾದಿಲ್ಲ ಮಗಾ."

ಅಡ್ಡೆ ಎತ್ತಿದ. ಒಂದಿಷ್ಟು ತೂಗಾಡಿ ನೇರವಾಗಿ ನಿಂತಿತು. ಭಾರಕ್ಕೆ ಕಲ್ಲು ಹಾಕಿಕೊಳ್ಳಬಹುದಿತ್ತು, ಏರಿಯ ತುಂಬ ಕಲ್ಲುಗಳೇ ಇದ್ದವು ಎಂಬುದು ಸರ್ವಮಂಗಳಳಿಗೆ ಎಷ್ಟೋ ದೂರ ನಡೆದ ಮೇಲೆ ಹೊಳೆಯಿತು.

ಮೊದಲ ಬಸ್ಸು ಹೋಗಿಬಿಟ್ಟಿತ್ತು. ಎರಡನೆಯದು ಹಿಡಿದು ಸೊರಬ ಸೇರಿದಾಗ ಬಿಸಿಲೇರಿತ್ತು. ತಡವಾಗಿ ಬಂದವರು ಕೊನೆಗೆ ಎಂದು ಜವಾನ ಜಗಲಿ ತೋರಿಸಿದ. ಅಲ್ಲಿ ಕೂತಿದ್ದ ಹೆಂಗಸರು ನೆರಿಗೆ ಕೆಡದ ಸೀರೆ ಉಟ್ಟಿದ್ದರು. ಇವಳ ಸೀರೆಯ ಅಂಚು ಮೊಣಕಾಲಿನವರೆಗೆ ಕೆಂಪು ಧೂಳು. ಒಳಗೆ ಕೈ ಸಾಗುತ್ತದೋ ಇಲ್ಲವೋ ನೋಡೋಣವೆಂದು ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಸೂಜಿಯ ಕಣ್ಣಿನ ಪಕ್ಕಕ್ಕೇ ಹೋಗುತ್ತಿತ್ತು. ಮತ್ತೆ ನೋಡಿದಳು, ಆಗಲಿಲ್ಲ. ಕಲಿತದ್ದೆಲ್ಲ ಬೆರಳಿನಿಂದ ಸೋರಿಹೋದಂತಾಗಿ, "ನನ್ನ ಕೈಲಿ ಆಗಾದಿಲ್ಲ ಮಾವ," ಎಂದಳು.

ತೋಟಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನ ಹೆಗಲಿನ ಚರ್ಮ ಕಿತ್ತು ಅಂಗಿಗೆ ಅಂಟಿಕೊಂಡಿತ್ತು. ನೀಲ ಅವನ ತೊಡೆಯ ಮೇಲೆ ನಿದ್ದೆಹೋಗಿದ್ದಳು.

"ಆದ್ರೆ ಆತು," ಎಂದ. "ಆಗ್ಲಿಲ್ಲ ಅಂದ್ರೆ ಬಂದಂಗೇ ಹೋಗಾದು. ಒಂದು ಕಡೆ ಮಿಷನ್ನು, ಒಂದು ಕಡೆ ಕೂಸು. ಎಲ್ಡೂ ನಿನ್ನವೇ. ಪರಮಶಿವಗೆ ನಾನು ಹೇಳ್ತೀನಿ."

ಒಳಗಿನಿಂದ ಒಬ್ಬಳು ಹೊರಬಂದಳು, ಇನ್ನೊಬ್ಬಳ ಹೆಸರು ಕೂಗಿದರು. ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡು ಕೈಗಳನ್ನು ಮಡಿಲಲ್ಲಿಟ್ಟು ನೋಡುತ್ತ ಕೂತಳು.

ಮುದುಕ ಬುಟ್ಟಿಯ ತಳದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಅಕ್ಕಿ ರೊಟ್ಟಿ, ಮೇಲೆ ಗುರೆಳ್ಳು ಪುಡಿ. ರೊಟ್ಟಿಯ ಒಂದು ಅಂಚು ದಪ್ಪ, ಇನ್ನೊಂದು ಅಂಚು ಸೀದಿತ್ತು, ನಡುವೆ ಬೆರಳಿನ ಗುರುತು ಹಾಗೇ ಉಳಿದಿತ್ತು. ಆ ಮನೆಯ ಹೆಂಗಸರು ಯಾರೂ ಹಾಗೆ ತಟ್ಟುವವರಲ್ಲ. ಒಲೆಯ ಹತ್ತಿರ ಎಂದೂ ಸುಳಿಯದ ಮಾವ ತಾನೇ ತಟ್ಟಿದ್ದ. ಅವನಿಗೋ ಸೋಮವಾರ ಒಪ್ಪೊತ್ತು, ಸಂಜೆಯ ಪೂಜೆಯ ತನಕ ಅವನು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಗಂಟನ್ನು ಅವಳ ಮಡಿಲಿನಲ್ಲಿ, ಕೈಗಳ ನಡುವೆ ಇಟ್ಟ.